ಚಿಕ್ಕ ಪೆಟ್ಟಿಗೆಯ ದೊಡ್ಡ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಸಾಲ ಮಾಡುವವರಿಗೂ ಮದುವೆ ಮಾಡುವವರಿಗೂ ಹೇಳುತ್ತಿದ್ದ ಈ ಬುದ್ಧಿವಾದ ಈಗ ಮತ್ತೊಂದು ವರ್ಗದವರಿಗೂ ಅನ್ವಯಿಸತೊಡಗಿದೆ. ಮೇಜಿನ ಮೂಲೆಯಲ್ಲೋ ಪುಸ್ತಕದ ಕಪಾಟಿನ ಒಂದು ಅಂತಸ್ತಿನಲ್ಲೋ ಅಡಗಿ ಕೂರುವಂಥ ಚಿಕ್ಕ ಕಂಪ್ಯೂಟರೊಂದನ್ನು ಆಟಕ್ಕೆಂದು ಕೊಳ್ಳಹೊರಟಿರುವ ತರುಣರು, ಮತ್ತು ಅದಕ್ಕೆ ಹಣ ತೆರಬೇಕಾದ ಅವರ ತಂದೆತಾಯಿಗಳು, ಆ ವರ್ಗದವರು. ಇಲ್ಲಿ ಹಾಸಿಗೆಯೆಂದರೆ ಹಣವೊಂದೇ ಅಲ್ಲ. ಪೆಟ್ಟಿಗೆಯೊಳಗಿನ ಜಾಗ, ಅದಕ್ಕೆ ಬೇಕಾಗುವ ವಿದ್ಯುತ್ತು, ಅದು ಹೊರಚೆಲ್ಲುವ ಕಾವು, ಇವೆಲ್ಲವೂ ಹಾಸಿಗೆಯ ಅಂಚುಗಳೇ. ಯಾವ ಅಂಚನ್ನು ಮೀರಿ ಕಾಲು ಚಾಚಿದರೂ ನೆಲದ ತಣ್ಪು ತಾಗದಿರದು.

ಬೆಂಗಳೂರಿನ ಸುತ್ತಣ ತಾಲ್ಲೂಕು ಕೇಂದ್ರಗಳಲ್ಲಿ ಈ ಬೇಡಿಕೆ ಹುಟ್ಟಿರುವುದು ಆಶ್ಚರ್ಯವೇನಲ್ಲ. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ಬಂದಿತು; ಅದೇ ತಾಲ್ಲೂಕಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ 2025ರಿಂದ ಐಫೋನುಗಳು ತಯಾರಾಗುತ್ತಿವೆ. ಹೊಸಕೋಟೆ, ನೆಲಮಂಗಲಗಳಲ್ಲಿ ಹೊಲಗಳಿದ್ದೆಡೆ ಬಡಾವಣೆಗಳೆದ್ದಿವೆ. ಎರಡು ಕೋಣೆಯ ಮನೆಯಲ್ಲಿ ಮಕ್ಕಳ ಓದಿನ ಮೇಜೇ ಊಟದ ಮೇಜೂ ಆಗಿರುವಾಗ, ಬೀರುವಿನಂಥ ಯಂತ್ರವನ್ನು ತಂದು ನಿಲ್ಲಿಸಲು ಸ್ಥಳವೆಲ್ಲಿ? ಆದುದರಿಂದ ಯಂತ್ರ ಚಿಕ್ಕದಾಗಿರಬೇಕು. ಆದರೆ ಆಟ ಬಯಸುವ ಶಕ್ತಿ ಚಿಕ್ಕದಲ್ಲ. ತೊಡಕು ಶುರುವಾಗುವುದು ಇಲ್ಲಿಂದ.

ದೊಡ್ಡಬಳ್ಳಾಪುರದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮನೆಗೆ ಅಂಟಿದಂತೆ ಮಗ್ಗದ ಶೆಡ್ಡು, ಅದರಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು. ಮಗ ಡಿಪ್ಲೊಮಾ ಓದುತ್ತಿದ್ದಾನೆ. ಫೋನಿನಲ್ಲಿ ಒಂದು ಚಿತ್ರ ತೋರಿಸಿ, “ಅಪ್ಪ, ಈ ಪೆಟ್ಟಿಗೆ ನೋಡು, ಜಾಗವನ್ನೇ ಹಿಡಿಯುವುದಿಲ್ಲ” ಎನ್ನುತ್ತಾನೆ. ತಂದೆ ಕನ್ನಡಕ ಸರಿಮಾಡಿಕೊಂಡು, “ಜಾಗ ಹಿಡಿಯುವುದಿಲ್ಲ, ಸರಿ ಕಣಪ್ಪ. ದುಡ್ಡು ಎಷ್ಟು ಹಿಡಿಯುತ್ತದೆ? ಒಂದು ಸಲ ಹಿಡಿದರೆ ಸಾಕೋ, ವರ್ಷಾವರ್ಷ ಹಿಡಿಯುತ್ತಲೇ ಇರುತ್ತದೋ?” ಎಂದು ಕೇಳುತ್ತಾರೆ. ಕಂಪ್ಯೂಟರಿನ ಗಂಧವೇ ಇಲ್ಲದ ಆ ತಂದೆ ಕೇಳಿದ ಎರಡನೆಯ ಪ್ರಶ್ನೆಯಲ್ಲೇ ಇಡೀ ವಿಷಯದ ಸಾರ ಅಡಗಿದೆ.

ಅವರಿಗೆ ಆ ಪ್ರಶ್ನೆ ಹೊಳೆದದ್ದು ಮಗ್ಗದ ಅನುಭವದಿಂದ. ಸೀರೆಯ ಅಂಚಿಗೂ ಸೆರಗಿಗೂ ಹೂಬಳ್ಳಿ ಮೂಡಿಸಬೇಕಾದರೆ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಏರಿಸಬೇಕು. ಜಕಾರ್ಡ್ ಕೊಳ್ಳುವ ಮೊದಲು ನೇಕಾರ ನೋಡುವುದು ಶೆಡ್ಡಿನ ಮಾಡಿನ ಎತ್ತರವನ್ನು. ಮಾಡು ತಗ್ಗಾಗಿದ್ದರೆ ಜಕಾರ್ಡ್ ಎಷ್ಟು ಉತ್ತಮವಾಗಿದ್ದೂ ಫಲವಿಲ್ಲ. ಮಗ್ಗದ ಚೌಕಟ್ಟು ಭಾರ ತಾಳುವುದೇ, ಮೋಟಾರು ಎಳೆಯುವುದೇ ಎಂಬುದು ಅನಂತರದ ವಿಚಾರ. ಮುಂದೆ ವಿನ್ಯಾಸ ಬದಲಿಸುವುದು ಸುಲಭ. ಮಾಡನ್ನು ಎತ್ತರಿಸುವುದು ಮನೆ ಕಟ್ಟಿದಷ್ಟೇ ಕಷ್ಟ. ಚಿಕ್ಕ ಕಂಪ್ಯೂಟರಿನ ಆಯ್ಕೆಗೂ ನಿಯಮ ಇದೇ: ಬದಲಿಸಲಾಗದ್ದನ್ನು ಮೊದಲು ಚೆನ್ನಾಗಿ ಆರಿಸಬೇಕು, ಬದಲಿಸಬಹುದಾದದ್ದನ್ನು ಕೈಯಲ್ಲಿ ಹಣವಿದ್ದಾಗ ಕೊಳ್ಳಬೇಕು.

ಮಗ್ಗಕ್ಕೂ ಕಂಪ್ಯೂಟರಿಗೂ ನೆಂಟಸ್ತಿಕೆ ಹಳೆಯದು. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರಿ ಜಕಾರ್ಡ್ 19ನೆಯ ಶತಮಾನದ ಆರಂಭದಲ್ಲಿ ತೂತು ಕೊರೆದ ರಟ್ಟುಗಳ ಮಾಲೆಯಿಂದ ಮಗ್ಗಕ್ಕೆ ವಿನ್ಯಾಸವನ್ನು ಕಲಿಸಿದನು. 1830ರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಅಂಥ ರಟ್ಟುಗಳನ್ನೇ ಆರಿಸಿಕೊಂಡನು. ಆದ್ದರಿಂದ ದೊಡ್ಡಬಳ್ಳಾಪುರದ ನೇಕಾರ ಕಂಪ್ಯೂಟರಿಗೆ ಅಪರಿಚಿತನೇನಲ್ಲ. ದೂರದ ಬಂಧುವೆಂದೇ ಹೇಳಬಹುದು.

ಇನ್ನು ಅಳತೆಯ ಮಾತು. ಕಂಪ್ಯೂಟರಿನ ಎಲ್ಲ ಅಂಗಗಳೂ ಬಂದು ಕೂಡುವ ಹಲಗೆಗೆ ಮದರ್‌ಬೋರ್ಡು ಎಂದು ಹೆಸರು. 1995ರಲ್ಲಿ ಇಂಟೆಲ್ ಕಂಪೆನಿ ಗೊತ್ತುಪಡಿಸಿದ ಎಟಿಎಕ್ಸ್ ಎಂಬ ಅಳತೆಯ ಬೋರ್ಡು 305 ಮಿಲಿಮೀಟರು ಉದ್ದ, 244 ಮಿಲಿಮೀಟರು ಅಗಲ. 2001ರಲ್ಲಿ ತೈವಾನಿನ ವಿಯಾ ಕಂಪೆನಿ ಹೊರತಂದ ಮಿನಿ ಐಟಿಎಕ್ಸ್ ಬೋರ್ಡು ಉದ್ದಗಲಗಳೆರಡರಲ್ಲೂ 170 ಮಿಲಿಮೀಟರು ಮಾತ್ರ. ದೊಡ್ಡದರ ಅರ್ಧಕ್ಕಿಂತಲೂ ಕಡಿಮೆ ಹರವು. ಇವೆರಡರ ನಡುವೆ 244 ಮಿಲಿಮೀಟರು ಚಚ್ಚೌಕದ ಮೈಕ್ರೊ ಎಟಿಎಕ್ಸ್ ಇದೆ. ಚಿಕ್ಕ ಬೋರ್ಡಿನಲ್ಲಿ ಸಾಮಾನ್ಯವಾಗಿ ನೆನಪಿನ ಪಟ್ಟಿಗಳಿಗೆ ಎರಡೇ ಸೀಳುಗಳು, ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಸೀಳು. ಬೆಲೆಯಾದರೋ ಮಧ್ಯಮ ಅಳತೆಯದಕ್ಕಿಂತ ಹೆಚ್ಚು. ಆದುದರಿಂದ ಮೇಜಿನ ಮೇಲೆ ನಾಲ್ಕು ಬೆರಳು ಜಾಗ ಹೆಚ್ಚಾಗಿ ಕೊಡಬಲ್ಲವರು ಮೈಕ್ರೊ ಎಟಿಎಕ್ಸ್ ಆರಿಸಿದರೆ ಹಣವೂ ಉಳಿಯುತ್ತದೆ, ಮುಂದಿನ ದಾರಿಯೂ ತೆರೆದಿರುತ್ತದೆ. ಅತಿ ಚಿಕ್ಕದೇ ಬೇಕೆಂಬ ಹಟಕ್ಕೆ ಕಾರಣವಿರಬೇಕು. ಚಿತ್ರದಲ್ಲಿ ಚಂದ ಕಂಡಿತೆಂಬುದು ಕಾರಣವಲ್ಲ.

ಬೋರ್ಡಿನ ನಡುವೆ ಪ್ರೊಸೆಸರು ಕೂರುವ ಪೀಠವನ್ನು ಸಾಕೆಟ್ ಎನ್ನುತ್ತಾರೆ. ಇದೇ ಆ ಮಾಡಿನ ಎತ್ತರ. ಎಎಂಡಿ ಕಂಪೆನಿಯ ಎಎಂ4 ಎಂಬ ಪೀಠದ ಕಥೆ ಕೇಳಬೇಕಾದದ್ದು. 2017ರಲ್ಲಿ ಆ ಪೀಠದ ಬೋರ್ಡು ಕೊಂಡವರಲ್ಲಿ ಅನೇಕರು, ಬೋರ್ಡಿನ ಒಳಗಣ ತಂತ್ರಾಂಶವನ್ನು ನವೀಕರಿಸಿ, 2022ರಲ್ಲಿ ಬಂದ ಪ್ರೊಸೆಸರನ್ನು ಅದರಲ್ಲೇ ಕೂರಿಸಿದರು. ಐದು ವರ್ಷದ ಹಳೆಯ ಮನೆಗೆ ಹೊಸ ಸೊಸೆ ಬಂದಂತಾಯಿತು. ಇಂಟೆಲ್ 2021ರಲ್ಲಿ ತಂದ ಎಲ್‌ಜಿಎ 1700 ಎಂಬ ಪೀಠ ಮೂರು ತಲೆಮಾರಿನ ಪ್ರೊಸೆಸರುಗಳನ್ನು ಹೊತ್ತು, 2024ರಲ್ಲಿ ಬೇರೊಂದಕ್ಕೆ ಎಡೆಗೊಟ್ಟಿತು. ಎಎಂಡಿಯ ಎಎಂ5 ಪೀಠ 2022ರಲ್ಲಿ ಬಂದಿತು. ಕನಿಷ್ಠ 2027ರವರೆಗೆ ಅದನ್ನು ಮುಂದುವರಿಸುವುದಾಗಿ ಕಂಪೆನಿ ಸಾರಿದೆ. ಕೊಳ್ಳುವವರು ಪ್ರೊಸೆಸರಿನ ವೇಗವನ್ನು ವಿಚಾರಿಸುವ ಮೊದಲು, ಅದು ಕೂರುವ ಪೀಠಕ್ಕೆ ಆಯುಷ್ಯ ಎಷ್ಟು ಉಳಿದಿದೆಯೆಂದು ವಿಚಾರಿಸುವುದು ಲೇಸು.

ಎರಡನೆಯದಾಗಿ ಆರಿಸಬೇಕಾದದ್ದು ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್. ಬಣ್ಣದ ದೀಪಗಳಿಗೆ ಹಣ ಸುರಿದು ಇದರಲ್ಲಿ ಉಳಿತಾಯ ಮಾಡುವವರೇ ಹೆಚ್ಚು. ಚಿಕ್ಕ ಪೆಟ್ಟಿಗೆಗಳಿಗೆ ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆಯ ಎಸ್‌ಎಂಪಿಎಸ್ ಬೇಕಾಗುತ್ತದೆ. ಸಾಮಾನ್ಯ ಅಳತೆಯದನ್ನು ತಂದರೆ ಅದು ಒಳಗೆ ಹಿಡಿಸುವುದೇ ಇಲ್ಲ. ಲೆಕ್ಕ ಹೀಗೆ: ಮಧ್ಯಮ ತರಗತಿಯ ಪ್ರೊಸೆಸರಿಗೆ 65ರಿಂದ 90 ವ್ಯಾಟು, 2023ರಲ್ಲಿ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 4060 ಎಂಬ ಕಾರ್ಡಿಗೆ 115 ವ್ಯಾಟು, ಮಿಕ್ಕ ಅಂಗಗಳಿಗೆ 50 ವ್ಯಾಟು, ಒಟ್ಟು ಸುಮಾರು 250. ಇಷ್ಟಕ್ಕೆ 300 ವ್ಯಾಟಿನದು ಸಾಕಲ್ಲವೆ ಎಂದು ಕೇಳಬಹುದು. ಸಾಲದು. ಗ್ರಾಫಿಕ್ಸ್ ಕಾರ್ಡು ಕ್ಷಣಕಾಲ ತನ್ನ ಪಾಲಿಗಿಂತ ಹೆಚ್ಚು ಎಳೆಯುವುದುಂಟು. ಮುಂದೆ ದೊಡ್ಡ ಕಾರ್ಡು ಬರುವುದೂ ಉಂಟು. ಹೆಸರಾಂತ ತಯಾರಕರ 550 ಅಥವಾ 650 ವ್ಯಾಟಿನದನ್ನು ಒಮ್ಮೆ ಕೊಂಡರೆ ಅದು ಎರಡು ಮೂರು ಕಾರ್ಡುಗಳ ಆಯುಷ್ಯವನ್ನು ಕಾಣುತ್ತದೆ.

ಮೂರನೆಯದು ಪೆಟ್ಟಿಗೆ. ಪ್ರತಿಯೊಂದು ಪೆಟ್ಟಿಗೆಯ ವಿವರದಲ್ಲೂ ಎರಡು ಸಂಖ್ಯೆಗಳಿರುತ್ತವೆ: ಒಳಗೆ ಹಿಡಿಸುವ ಗ್ರಾಫಿಕ್ಸ್ ಕಾರ್ಡಿನ ಉದ್ದ, ಮತ್ತು ಪ್ರೊಸೆಸರಿನ ಮೇಲೆ ಕೂರುವ ಕೂಲರಿನ ಎತ್ತರ. ಇವೆರಡನ್ನೂ ಬಾಯಿಪಾಠ ಮಾಡಿಕೊಳ್ಳಬೇಕು. ಗೋಪುರದಂಥ ಕೂಲರುಗಳು 150 ಮಿಲಿಮೀಟರು ಮೀರಿರುತ್ತವೆ; ಆಸ್ಟ್ರಿಯಾದ ನೋಕ್ಟುವಾ ಕಂಪೆನಿ 37 ಮಿಲಿಮೀಟರು ಎತ್ತರದ ಕೂಲರನ್ನೂ ಮಾಡುತ್ತದೆ. ಕುಳ್ಳಾದಷ್ಟೂ ಕಾವು ತೆಗೆಯುವ ಶಕ್ತಿ ಕಡಿಮೆ, ಸದ್ದು ಹೆಚ್ಚು. ರಾತ್ರಿ ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗಿರುವ ಮನೆಗಳಲ್ಲಿ ಇದೂ ಒಂದು ಲೆಕ್ಕವೇ.

ಮೂರು ಅಂಗಗಳೂ ಸರಿಯಾಗಿದ್ದರೆ ಉಳಿದವನ್ನು ಕಂತುಕಂತಾಗಿ ಕೊಳ್ಳಬಹುದು. ಆಟದ ಯಂತ್ರದಲ್ಲಿ ಹೆಚ್ಚು ಬೆಲೆಯದು ಗ್ರಾಫಿಕ್ಸ್ ಕಾರ್ಡು; ಒಟ್ಟು ವೆಚ್ಚದ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ಅದೇ ನುಂಗಬಲ್ಲದು. ಚಿತ್ರಶಕ್ತಿಯನ್ನು ತನ್ನೊಳಗೇ ಅಡಗಿಸಿಕೊಂಡ ಪ್ರೊಸೆಸರುಗಳೂ ಇವೆ. 2021ರ ರೈಜನ್ 5600ಜಿ, 2024ರ ರೈಜನ್ 8600ಜಿ ಅಂಥವು. ಹಗುರವಾದ ಆಟಗಳಿಗೂ ಕಾಲೇಜಿನ ಕೆಲಸಕ್ಕೂ ಅವು ಸಾಕು. ಅದರಿಂದ ಆರಂಭಿಸಿ, ಮರುವರ್ಷ ಕಾರ್ಡು ಸೇರಿಸಿದರೆ ತಂದೆಗೂ ಹೊರೆಯಾಗದು, ಮಗನಿಗೂ ನಿರಾಸೆಯಾಗದು. ಕಾರ್ಡು ಕೊಳ್ಳುವಾಗ ಉದ್ದ, ದಪ್ಪ, ವ್ಯಾಟು ಇವನ್ನು ಮೊದಲು ನೋಡಿ, ವೇಗವನ್ನು ಅನಂತರ ನೋಡಬೇಕು. 450 ವ್ಯಾಟು ಎಳೆಯುವ ಆರ್‌ಟಿಎಕ್ಸ್ 4090ರಂಥ ದೈತ್ಯವನ್ನು ಸಣ್ಣ ಪೆಟ್ಟಿಗೆಗೆ ತುರುಕುವುದು ಬಚ್ಚಲ ಒಲೆಯನ್ನು ಬೀರುವಿನಲ್ಲಿಟ್ಟಂತೆ.

ರ‍್ಯಾಮ್ ಎಂದು ಅಂಗಡಿಯವರು ಕರೆಯುವ ನೆನಪಿನ ಪಟ್ಟಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಎರಡು ಪಟ್ಟಿಗಳು ಜೋಡಿಯಾಗಿ ದುಡಿದರೆ ಒಂದೇ ಪಟ್ಟಿಗಿಂತ ಚುರುಕು. ಆದರೆ ಚಿಕ್ಕ ಬೋರ್ಡಿನಲ್ಲಿರುವುದು ಎರಡೇ ಸೀಳು. 8 ಜಿಬಿಯ ಎರಡನ್ನು ಹಾಕಿದವರು ಮುಂದೆ ಹೆಚ್ಚಿಸಬೇಕಾದಾಗ ಎರಡನ್ನೂ ಕಿತ್ತು ಹಾಕಬೇಕು; 16 ಜಿಬಿಯ ಒಂದನ್ನೇ ಹಾಕಿದವರು ಕೆಲಕಾಲ ನಿಧಾನವನ್ನು ಸಹಿಸಿ, ಮುಂದೆ ಜೊತೆಗೊಂದನ್ನು ಸೇರಿಸಬಹುದು. ಗ್ರಾಫಿಕ್ಸ್ ಕಾರ್ಡಿಲ್ಲದೆ ಆರಂಭಿಸುವವರಿಗೆ ಮಾತ್ರ ಜೋಡಿಯೇ ಉತ್ತಮ, ಏಕೆಂದರೆ ಆಗ ಚಿತ್ರದ ಕೆಲಸವೂ ಅದೇ ನೆನಪನ್ನು ಅವಲಂಬಿಸುತ್ತದೆ. ಡಿಡಿಆರ್4, ಡಿಡಿಆರ್5 ಎಂಬ ಎರಡು ಜಾತಿಗಳು ಒಂದರ ಸೀಳಿನಲ್ಲಿ ಇನ್ನೊಂದು ಕೂರವು. ಎಎಂ5 ಪೀಠಕ್ಕೆ ಡಿಡಿಆರ್5 ಒಂದೇ ಗತಿ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ, ಜಗತ್ತಿನಾದ್ಯಂತ ಇವುಗಳ ಬೆಲೆ ಮೇಲೇರಿತು. ಅಂಥ ಕಾಲದಲ್ಲಿ ಹಳೆಯ ಯಂತ್ರದ ಪಟ್ಟಿಗಳನ್ನೇ ಹೊಸದಕ್ಕೆ ಬಳಸಲು ಸಾಧ್ಯವೇ ಎಂದು ನೋಡುವುದೂ ಜಾಣತನ.

ಹಳೆಯ ಕಂಪ್ಯೂಟರು ಮನೆಯಲ್ಲಿದ್ದು ಅದು ತೆವಳುತ್ತಿದೆಯೆನ್ನುವವರಿಗೆ ಅತಿ ಕಡಿಮೆ ವೆಚ್ಚದ ಚಿಕಿತ್ಸೆಯೊಂದಿದೆ. ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸುವುದು. ಹಾರ್ಡ್ ಡಿಸ್ಕು ಸೆಕೆಂಡಿಗೆ ನೂರೈವತ್ತು ಎಂಬಿಯ ಆಸುಪಾಸಿನಲ್ಲಿ ಓದಿದರೆ, ಸಾಟಾ ಜಾತಿಯ ಎಸ್‌ಎಸ್‌ಡಿ ಐನೂರೈವತ್ತರವರೆಗೂ ಓದುತ್ತದೆ. ಬೋರ್ಡಿನ ಮೇಲೇ ಮಲಗುವ ಎನ್‌ವಿಎಂಇ ಜಾತಿಯದು ಅದಕ್ಕಿಂತ ಹಲವು ಪಟ್ಟು ವೇಗಿ. 22 ಮಿಲಿಮೀಟರು ಅಗಲ, 80 ಮಿಲಿಮೀಟರು ಉದ್ದದ ಆ ಪಟ್ಟಿ ಚೂಯಿಂಗ್ ಗಮ್ಮಿನ ತುಂಡಿನಂತಿದ್ದು ಚಿಕ್ಕ ಪೆಟ್ಟಿಗೆಗೆ ಹೇಳಿ ಮಾಡಿಸಿದ್ದು. ಇದರಿಂದ ಆಟದ ಚಿತ್ರ ಹೆಚ್ಚು ನಯವಾಗುವುದಿಲ್ಲ. ಆದರೆ ಕಾಯುವ ಹೊತ್ತು ಕಡಿಮೆಯಾಗುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಚೇರಿಗಳಿಂದ ಬಂದ ಹಳೆಯ ಚಿಕ್ಕ ಕಂಪ್ಯೂಟರುಗಳು ಅಗ್ಗವಾಗಿ ದೊರೆಯುತ್ತವೆ. ಅಗ್ಗ ಸಿಕ್ಕಿತೆಂದು ಮುಗ್ಗಿದ ಜೋಳ ಕೊಂಡಂತಾಗಬಾರದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬೇಕಾದರೆ ಇಂಟೆಲ್‌ನಲ್ಲಿ ಹೆಚ್ಚು ಕಡಿಮೆ ಎಂಟನೆಯ ತಲೆಮಾರಿನ ಅಥವಾ ಅದರ ಈಚಿನ ಪ್ರೊಸೆಸರು ಇರಬೇಕು. ಅದಕ್ಕೂ ಹಿಂದಿನದನ್ನು ಕೊಂಡರೆ ಹಣ ತೆತ್ತು ತೊಂದರೆಯನ್ನು ಮನೆಗೆ ತಂದಂತೆ. ಈ ಕಚೇರಿ ಯಂತ್ರಗಳ ಎಸ್‌ಎಂಪಿಎಸ್ಸು ಅನೇಕ ವೇಳೆ ತಯಾರಕರ ಸ್ವಂತ ಅಳತೆಯದಾಗಿದ್ದು, ಬದಲಿಸುವುದು ಕಷ್ಟ. ಆದರೆ ಬೋರ್ಡಿನ ಸೀಳಿನಿಂದಲೇ ಕಾರ್ಡಿಗೆ 75 ವ್ಯಾಟಿನವರೆಗೆ ವಿದ್ಯುತ್ತು ದೊರೆಯಬಹುದೆಂಬುದು ನಿಯಮ. ಬೇರೆ ತಂತಿಯನ್ನು ಬೇಡದ, ಅರ್ಧ ಎತ್ತರದ ಕಾರ್ಡುಗಳೂ ಇವೆ. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಎಳೆಯುವುದು 70 ವ್ಯಾಟು. ಇಂಥ ಜೋಡಣೆಯಿಂದ ಸಾಧಾರಣ ಆಟಗಳು ಸುಖವಾಗಿ ಸಾಗುತ್ತವೆ. ಆದರೂ ಯಂತ್ರದ ಮೂಲ ಎಸ್‌ಎಂಪಿಎಸ್ಸಿನ ಶಕ್ತಿ ಎಷ್ಟೆಂದು ಅದರ ಮೈಮೇಲಿನ ಚೀಟಿಯಲ್ಲಿ ಓದಿಯೇ ಮುಂದುವರಿಯಬೇಕು.

ಅಂಗೈಯಗಲದ ಕಂಪ್ಯೂಟರುಗಳದು ಬೇರೆಯೇ ಕಥೆ. ಇಂಟೆಲ್ ಕಂಪೆನಿ ಎನ್‌ಯುಸಿ ಎಂಬ ಹೆಸರಿನಲ್ಲಿ ಇವನ್ನು ಜನಪ್ರಿಯಗೊಳಿಸಿ, 2023ರಲ್ಲಿ ಆ ವ್ಯಾಪಾರದಿಂದ ಹಿಂದೆ ಸರಿಯಿತು. ಆಸುಸ್ ಕಂಪೆನಿ ಅದನ್ನು ಮುಂದುವರಿಸಿತು. ಇಂಥವುಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ. ನೆನಪನ್ನೂ ಎಸ್‌ಎಸ್‌ಡಿಯನ್ನೂ ಹಲವು ಮಾದರಿಗಳಲ್ಲಿ ಬದಲಿಸಬಹುದು, ಆದರೆ ಮುಖ್ಯವಾದ ಚಿತ್ರಶಕ್ತಿಯನ್ನು ಬದಲಿಸಲಾಗದು. ಕೊಂಡ ದಿನ ಎಷ್ಟೋ, ಕೊನೆಯ ದಿನವೂ ಅಷ್ಟೆ. ಇದನ್ನು ತಿಳಿದು ಕೊಂಡರೆ ದೋಷವಿಲ್ಲ.

ಕಾವು ಮತ್ತು ಧೂಳಿನ ಮಾತನ್ನು ಮರೆಯುವಂತಿಲ್ಲ. ಮಾರ್ಚ್ ಏಪ್ರಿಲ್ ತಿಂಗಳ ಮಧ್ಯಾಹ್ನ, ಶೀಟಿನ ಮಾಡಿನ ಕೋಣೆಯಲ್ಲಿ, ಯಂತ್ರಕ್ಕೆ ದೊರೆಯುವ ಗಾಳಿಯೇ ಬಿಸಿ. ಚಿಕ್ಕ ಪೆಟ್ಟಿಗೆಯನ್ನು ಕಪಾಟಿನ ಮುಚ್ಚಿದ ಖಾನೆಯಲ್ಲಿಟ್ಟರೆ ಅದು ತನ್ನ ಉಸಿರನ್ನೇ ತಾನು ಮತ್ತೆ ಎಳೆದುಕೊಳ್ಳುತ್ತದೆ. ಕಾವೇರಿದ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ದುಬಾರಿ ಬೆಲೆ ತೆತ್ತ ವೇಗ ಆಗ ಗಾಳಿಪಾಲು. ಮಗ್ಗದ ಮನೆಗಳಲ್ಲಿ ನೂಲಿನ ನವಿರಾದ ಎಳೆ ಗಾಳಿಯಲ್ಲಿ ತೇಲಿ ಜಾಲರಿಗೆ ಹತ್ತಿಯಂತೆ ಅಂಟುತ್ತದೆ. ತಿಂಗಳಿಗೊಮ್ಮೆ ಜಾಲರಿ ಬಿಚ್ಚಿ ಕೊಡವುವುದು ಕೊಳ್ಳುವಷ್ಟೇ ಮುಖ್ಯವಾದ ಕೆಲಸ.

ವಿದ್ಯುತ್ತಿನ ಬಿಲ್ಲಿನ ಭಯ ಕೆಲವರಿಗಿದೆ. 250 ವ್ಯಾಟಿನ ಯಂತ್ರ ದಿನಕ್ಕೆ ಮೂರು ಗಂಟೆ ಪೂರ್ಣಶಕ್ತಿಯಲ್ಲಿ ನಡೆದರೆ ಮುಕ್ಕಾಲು ಯೂನಿಟ್ಟು. ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್ಟು. ಪರದೆಯ ಖರ್ಚು ಬೇರೆ. ಅದಕ್ಕಿಂತ ಭಯಪಡಬೇಕಾದದ್ದು ವಿದ್ಯುತ್ತಿನ ಏರಿಳಿತಕ್ಕೆ. ಒಂದೇ ತಂತಿಯಲ್ಲಿ ಹಲವು ಮೋಟಾರುಗಳು ಒಮ್ಮೆಲೇ ಹೊರಟಾಗ ದೀಪ ಮಂಕಾಗುವ ಮನೆಗಳಲ್ಲಿ ಯುಪಿಎಸ್ ಇಲ್ಲದೆ ಯಂತ್ರವನ್ನಿಡುವುದು ತರವಲ್ಲ. 600 ವಿಎ ಎಂದು ಬರೆದಿರುವ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟು ಮಾತ್ರವೆಂಬುದನ್ನು ನೆನಪಿಡಬೇಕು.

ಕೊಳ್ಳುವ ದಿನ ಎಸ್.ಪಿ. ರೋಡಿಗೆ, ಎಂದರೆ ಸಾದರ ಪತ್ರಪ್ಪ ರಸ್ತೆಗೆ, ಹೋಗಿ ಬರುವುದು ಈಗ ಹಿಂದಿನಷ್ಟು ಪ್ರಯಾಸವಲ್ಲ. ನೆಲಮಂಗಲದ ಕಡೆಯವರು ಮಾದಾವರದವರೆಗೆ ಬಸ್ಸಿನಲ್ಲಿ ಬಂದು, 2024ರ ನವೆಂಬರಿನಿಂದ ಅಲ್ಲಿಗೂ ಬಂದಿರುವ ಮೆಟ್ರೊ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದರೆ ಮಿಕ್ಕದ್ದು ಕಾಲ್ನಡಿಗೆ. ನಾಲ್ಕು ಅಂಗಡಿಗಳಲ್ಲಿ ಬೆಲೆ ಕೇಳಬೇಕು. ಜಾಲದ ಅಂಗಡಿಗಳ ಬೆಲೆಯೊಡನೆ ಹೋಲಿಸಬೇಕು. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆಂಬ ಮಾತಿಗೆ ಮರುಳಾಗಬಾರದು. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಅಂಗದ ಕ್ರಮಸಂಖ್ಯೆ ಬರೆಸಿಕೊಂಡರೆ ಮಾತ್ರ ಗ್ಯಾರಂಟಿಗೆ ಬೆಲೆ.

ಇಷ್ಟೆಲ್ಲ ಖರ್ಚು ಆಟಕ್ಕೇ ಎಂದು ತಾಯಿಯಂದಿರು ಕೇಳುವುದು ಸಹಜ. ಹಣ ಕಟ್ಟಿ ಆಡುವ ಜಾಲದ ಜೂಜಾಟಗಳು ಬೇರೆ; 2025ರ ಆಗಸ್ಟಿನಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾನೂನನ್ನೇ ಮಾಡಿತು. ಕಥೆಯುಳ್ಳ, ಕೌಶಲ ಬೇಡುವ ಆಟಗಳು ಬೇರೆ. ಕರ್ನಾಟಕ ಸರ್ಕಾರ 2012ರಲ್ಲೇ ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ನೀತಿಯೊಂದನ್ನು ಪ್ರಕಟಿಸಿತು. ಎಎಂಡಿ ಕಂಪೆನಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ತೆರೆದದ್ದು ಬೆಂಗಳೂರಿನಲ್ಲೇ. ಚಿತ್ರ ಬಿಡಿಸುವ, ಯಂತ್ರಭಾಗಗಳ ನಕ್ಷೆ ತೆಗೆಯುವ, ಪ್ರೋಗ್ರಾಮು ಬರೆಯುವ ಕೆಲಸವನ್ನೂ ಅದೇ ಯಂತ್ರ ಮಾಡುತ್ತದೆ. ಎಷ್ಟು ಹೊತ್ತು ಯಾವುದಕ್ಕೆ ಎಂಬುದನ್ನು ನಿರ್ಧರಿಸಬೇಕಾದವರು ಮನೆಯವರು. ಆ ಒಪ್ಪಂದ ಯಂತ್ರ ಮನೆಗೆ ಬರುವ ಮೊದಲೇ ಆದರೆ ಜಗಳ ಕಡಿಮೆ. ತನ್ನ ಕೈಯಾರೆ ಬಿಚ್ಚಿ ಜೋಡಿಸಿದ ಹುಡುಗನಿಗೆ ಅದರ ಬೆಲೆಯೂ ತಿಳಿದಿರುತ್ತದೆ.

ಕಡೆಯದಾಗಿ, ಕಿತ್ತ ಅಂಗಗಳ ಗತಿ. ಚೆನ್ನಾಗಿರುವುದನ್ನು ಮಾರಬಹುದು, ನೆಂಟರ ಮನೆಯ ಹಳೆಯ ಯಂತ್ರಕ್ಕೆ ಕೊಡಬಹುದು. ಕೆಟ್ಟದ್ದನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಹಾಕುವುದು ಸಲ್ಲದು. ತಂತಿ ಸುಟ್ಟು ತಾಮ್ರ ತೆಗೆಯುವವರ ಹೊಗೆಯನ್ನು ಕುಡಿಯುವವರು ಯಾರದೋ ಮಕ್ಕಳು. ಸರ್ಕಾರದ ಒಪ್ಪಿಗೆ ಪಡೆದು ದೇಶದಲ್ಲೇ ಮೊದಲು ಆರಂಭವಾದ ಎಲೆಕ್ಟ್ರಾನಿಕ್ ತ್ಯಾಜ್ಯದ ಸಂಸ್ಕರಣ ಘಟಕ ಇ-ಪರಿಸರ, 2005ರಲ್ಲಿ ತಲೆಯೆತ್ತಿದ್ದು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ. ಅಂಥ ಅಧಿಕೃತ ಸಂಸ್ಥೆಗಳಿಗೆ ತಲಪಿಸಿದರೆ ಬೋರ್ಡಿನ ತಾಮ್ರ, ಚಿನ್ನದ ಲೇಪಗಳು ಮತ್ತೆ ಬಳಕೆಗೆ ಬರುತ್ತವೆ, ವಿಷ ಮಣ್ಣಿಗಿಳಿಯುವುದಿಲ್ಲ.

ಪೇಟೆಗೆ ಹೊರಡುವ ಮುನ್ನ ತಂದೆಯೂ ಮಗನೂ ಕುಳಿತು ಒಂದು ಚೀಟಿಯಲ್ಲಿ ಐದು ಸಾಲು ಬರೆದುಕೊಳ್ಳಲಿ: ಪೀಠದ ಹೆಸರು, ಎಸ್‌ಎಂಪಿಎಸ್ಸಿನ ವ್ಯಾಟು, ಕಾರ್ಡಿನ ಉದ್ದ, ಕೂಲರಿನ ಎತ್ತರ, ಮೀರಬಾರದ ಮೊತ್ತ. ಅಂಗಡಿಯಲ್ಲಿ ಏನನ್ನು ತೋರಿಸಿದರೂ ಮೊದಲು ಆ ಚೀಟಿಯನ್ನು ನೋಡಲಿ, ಅನಂತರ ಜೇಬಿಗೆ ಕೈ ಹಾಕಲಿ.